ಬೇಳೆ ಬಂದ್ ಆದ ಹನ್ನೆರಡು ದಿನ

ಈ ಪ್ರಕರಣದಲ್ಲಿ ತಪ್ಪು ಶುರುವಾದದ್ದು ನನ್ನ ಬಾಯಿಂದಲೇ. ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುತ್ತಾ ಓದುತ್ತಾ ನಿಮಗೆ ನಮ್ಮ ಭಾವನ ಮೇಲೆ ಸಿಟ್ಟು ಬರುತ್ತದೆ.

ನಾನು ಗಂಗಾವತಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಕ್ಕನನ್ನು ಕಾರಟಗಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಭಾವನದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ ಭತ್ತ. ಅವರ ಮಗನಿಗೆ ಆಗ ಆರು ವರ್ಷ. ಹುಡುಗನ ಹೆಸರು, ಊರಿನ ಹೆಸರು, ಆಸ್ಪತ್ರೆಯ ಹೆಸರು ಇಲ್ಲಿ ಹಾಕುವುದಿಲ್ಲ. ಉಳಿದದ್ದನ್ನು ಭಾವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಬರಿ, ಇನ್ನೊಬ್ಬ ನನ್ನಂಗ ಮಾಡಬಾರದು" ಎಂದರು.

2024ರ ಜೂನ್ ಕೊನೆಯಲ್ಲಿ ಹುಡುಗನಿಗೆ ಜ್ವರ ಬಂತು. ಎರಡು ದಿನ ಬಿಟ್ಟಿತು, ಮತ್ತೆ ಬಂತು. ಕಾಲು ನೋವು ಎಂದು ರಾತ್ರಿ ಅಳುತ್ತಿದ್ದ. ಬೆಳೆಯುವ ವಯಸ್ಸು, ಕಾಲು ಹರಿಯುತ್ತವೆ ಎಂದು ಅಜ್ಜಿ ಎಣ್ಣೆ ತಿಕ್ಕಿದಳು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು, ನಿಲ್ಲಲಿಲ್ಲ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 22,000 ಇತ್ತು. ಡೆಂಗಿ ಸೀಸನ್, ಹಾಗಾಗಿ ಎಲ್ಲರ ತಲೆಯಲ್ಲೂ ಡೆಂಗಿಯೇ. ಆದರೆ ಹಿಮೋಗ್ಲೋಬಿನ್ 5.8ಕ್ಕೆ ಇಳಿದಿತ್ತು, ಬಿಳಿ ರಕ್ತಕಣ 48,000ಕ್ಕೆ ಏರಿತ್ತು. ಡೆಂಗಿಯಲ್ಲಿ ಸಾಮಾನ್ಯವಾಗಿ ಬಿಳಿ ಕಣ ಇಳಿಯುತ್ತದೆ, ಏರುವುದಿಲ್ಲ. ಇದನ್ನು ಗಮನಿಸಿದವರು ಒಬ್ಬ ಲ್ಯಾಬ್ ಟೆಕ್ನಿಷಿಯನ್. ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ, "ಡಾಕ್ಟರನ್ನ ಕರೀರಿ" ಎಂದರಂತೆ.

ಆಮೇಲಿನದು ಬೇಗ ಬೇಗ ಆಯಿತು. ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ, ಬಿಪಿಎಲ್ ಕಾರ್ಡು, ಆರೋಗ್ಯ ಕರ್ನಾಟಕದ ನೋಂದಣಿ, ಬೆಂಗಳೂರು. ಮೂಳೆಮಜ್ಜೆ ತೆಗೆದು ನೋಡಿದರು. ಎಎಲ್‌ಎಲ್ ಎಂದರು. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರ್ ಇದೇ, ಮತ್ತು ವಾಸಿಯಾಗುವ ಸಾಧ್ಯತೆ ಜಾಸ್ತಿ ಇರುವುದೂ ಇದೇ. ಜುಲೈ 23ಕ್ಕೆ ಚಿಕಿತ್ಸೆ ಶುರು. ಮೊದಲ ಹಂತ 35 ದಿನ. ದಿನವೂ ಸ್ಟೆರಾಯ್ಡ್, ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್, ಬೆನ್ನುಹುರಿಯ ನೀರಿಗೆ ಮೆಥೋಟ್ರೆಕ್ಸೇಟ್, ಮತ್ತು ಒಂಬತ್ತನೇ ದಿನದಿಂದ ಮೂರು ದಿನಕ್ಕೊಂದರಂತೆ ತೊಡೆಗೆ ಎಲ್-ಆಸ್ಪ್ಯಾರಜಿನೇಸ್ ಚುಚ್ಚುಮದ್ದು. ಹುಡುಗನ ಮೈ ಅಳತೆಗೆ ಒಂದು ಸಲಕ್ಕೆ ಸುಮಾರು 7,000 ಯೂನಿಟ್.

ಈ ಕೊನೆಯ ಮದ್ದಿನ ಸುತ್ತಲೇ ನಮ್ಮ ಕಥೆ.

ನಾನು ಹೇಳಿದ ಒಂದು ಮಾತು

ಜುಲೈ 31, ಬುಧವಾರ ರಾತ್ರಿ. ಭಾವ ಆಸ್ಪತ್ರೆ ಹಿಂದಿನ ಬಾಡಿಗೆ ಕೋಣೆಯಿಂದ ಫೋನ್ ಮಾಡಿದರು.

"ಇವತ್ತ ಹೊಸಾ ಇಂಜೆಕ್ಷನ್ ಕೊಟ್ರು ಮಾಸ್ತರ. ತೊಡಿಗೆ. ಭಾಳ ಅತ್ತ. ಅದೇನ್ ಮಾಡ್ತದ ಅದು?"

ನಾನು ಆಗಲೇ ಓದಿಕೊಂಡಿದ್ದೆ. ಮೇಷ್ಟ್ರ ಚಟ ನೋಡಿ, ಗೊತ್ತಿದ್ದದ್ದನ್ನು ಒಂದು ಸಾಲಿನಲ್ಲಿ ಹೇಳಬೇಕು ಅನಿಸುತ್ತದೆ. "ಕ್ಯಾನ್ಸರ್ ಕಣಕ್ಕೆ ಒಂದು ಅಮೈನೋ ಆಮ್ಲ ಬೇಕೇ ಬೇಕು ಭಾವ. ಬೇಳೆ, ಹಾಲು, ಮೊಟ್ಟೆಯಲ್ಲಿ ಇರ್ತದಲ್ಲ ಪ್ರೋಟೀನು, ಅದರ ಒಂದು ತುಣುಕು. ಈ ಇಂಜೆಕ್ಷನ್ನು ಅದನ್ನ ಸಿಗದಂಗ ಮಾಡ್ತದ. ರೋಗಾನ ಉಪವಾಸ ಕೆಡುವ್ತದ ಅಷ್ಟೇ" ಎಂದೆ.

ಮಾತಿನಲ್ಲಿ ಸುಳ್ಳಿರಲಿಲ್ಲ. ಚೆನ್ನಾಗಿಯೇ ಹೇಳಿದೆ ಎಂದು ಫೋನ್ ಇಟ್ಟೆ.

ಮರುದಿನದಿಂದ ಕೋಣೆಯಲ್ಲಿ ಬೇಳೆ ಬೇಯುವುದು ನಿಂತಿತು. ಹಾಲು ನಿಂತಿತು. ಮೊಟ್ಟೆ ನಿಂತಿತು. ಅದೇ ಹೊತ್ತಿಗೆ ಯಾರೋ ಭಾವನಿಗೆ ಒಂದು ವಿಡಿಯೋ ಕಳಿಸಿದ್ದರು. ಪ್ರೋಟೀನ್ ಬಿಟ್ಟರೆ ಕ್ಯಾನ್ಸರ್ ತಾನಾಗಿ ಸಾಯುತ್ತದೆ ಎಂದು ಅದರಲ್ಲೊಬ್ಬರು ಧೈರ್ಯವಾಗಿ ಹೇಳುತ್ತಾರೆ. ಮೈದುನ ಹೇಳಿದ್ದೂ ವಿಡಿಯೋದವರು ಹೇಳಿದ್ದೂ ಒಂದೇ ಆಯಿತು, ಇನ್ನೇನು ಬೇಕು? ಒಂದು ಕಡೆ ಡಾಕ್ಟರು ಇಂಜೆಕ್ಷನ್ ಕೊಟ್ಟು ರೋಗವನ್ನು ಉಪವಾಸ ಕೆಡವುತ್ತಿದ್ದಾರೆ, ಇನ್ನೊಂದು ಕಡೆ ನಾವೇ ಅದಕ್ಕೆ ಉಣಿಸಿದರೆ ಹೇಗೆ? ಭಾವನ ತರ್ಕ ಇದು. ಅದರಲ್ಲಿ ಹುಚ್ಚುತನ ಎಲ್ಲೂ ಇಲ್ಲ. ನಾನು ಕೊಟ್ಟ ಒಂದು ಸಾಲನ್ನು ಹಿಡಿದು ಒಬ್ಬ ಬುದ್ಧಿವಂತ ರೈತ ಮುಂದಿನ ಹೆಜ್ಜೆ ಇಟ್ಟ, ಅಷ್ಟೇ.

ಕಷ್ಟ ಏನೆಂದರೆ ಸ್ಟೆರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ವಿಪರೀತ ಹಸಿವು. ನೋಡಿದವರಿಗೇ ಗೊತ್ತು ಅದು. ನಡುರಾತ್ರಿ ಎರಡಕ್ಕೆ ಎದ್ದು ಕೂತು "ಯವ್ವಾ, ಹೊಟ್ಟಿ ಹಸ್ತೈತಿ" ಎನ್ನುತ್ತಿದ್ದ. ಅದೂ ಏನು ಕೇಳುತ್ತಿದ್ದ? ರೊಟ್ಟಿ, ಶೇಂಗಾ ಹಿಂಡಿ, ಮೊಟ್ಟೆ. ಭಾವ ಗಂಜಿ ಕುಡಿಸುತ್ತಿದ್ದರು. ಅಳು ತಡೆಯಲಾಗದೆ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರಂತೆ. ಮಗನ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂಬ ನಂಬಿಕೆ ಇಲ್ಲದಿದ್ದರೆ ಯಾವ ಅಪ್ಪ ಇದನ್ನು ಹನ್ನೆರಡು ದಿನ ಮಾಡಿಯಾನು?

ತೂಕದ ಪಟ್ಟಿ

ಆಗಸ್ಟ್ 10, ಶನಿವಾರ. ನಾನು ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಶೇಂಗಾ ಉಂಡೆ. ರಾತ್ರಿ ರೈಲಿನ ಡಬ್ಬಿಯಲ್ಲಿ ಎಲ್ಲರ ಫೋನೂ ಒಂದರ ಹಿಂದೆ ಒಂದು ಹೊಡೆದುಕೊಳ್ಳತೊಡಗಿದವು. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಗಿತ್ತು. ತುಂಬಿದ ಡ್ಯಾಮು. ನಮ್ಮ ಕಡೆಯವರಿಗೆ ಇದು ಬರೀ ಸುದ್ದಿ ಅಲ್ಲ, ಎರಡು ಬೆಳೆಯ ಅನ್ನ. ಯಾರೂ ಮಲಗಲಿಲ್ಲ.

ಬೆಳಿಗ್ಗೆ ಕೋಣೆಗೆ ಹೋದರೆ ಭಾವ ಫೋನ್ ಹಿಡಿದು ಅದೇ ನೋಡುತ್ತಿದ್ದರು. ಹುಡುಗ ಓಡಿ ಬಂದು ಚೀಲಕ್ಕೆ ಕೈ ಹಾಕಿದ. ಕೈ ಸಣ್ಣಗಾಗಿತ್ತು. ಮುಖ ಮಾತ್ರ ಸ್ಟೆರಾಯ್ಡಿಗೆ ಊದಿಕೊಂಡು ದುಂಡಗೆ ಇತ್ತು, ಅದಕ್ಕೇ ಯಾರಿಗೂ ಮೊದಲು ಗೊತ್ತಾಗಿರಲಿಲ್ಲ ಅನಿಸುತ್ತದೆ. ಉಂಡೆಯ ಡಬ್ಬಿಯನ್ನು ಭಾವ ತೆಗೆದು ಮೇಲಿನ ಶೆಲ್ಫಿನಲ್ಲಿಟ್ಟರು. "ಶೇಂಗಾ ಬ್ಯಾಡ ಈಗ" ಎಂದರು. ಎಣ್ಣೆ ಪದಾರ್ಥ ಬೇಡ ಎಂದಿರಬೇಕು ಎಂದುಕೊಂಡು ನಾನು ಸುಮ್ನಾದೆ. ಆಗಲೂ ಕೇಳಲಿಲ್ಲ ನೋಡಿ.

ಸೋಮವಾರ ಐದನೇ ಚುಚ್ಚುಮದ್ದಿನ ದಿನ. ಡಾಕ್ಟರು ತೂಕದ ಪಟ್ಟಿ ನೋಡಿ ಪೆನ್ನು ಕೆಳಗಿಟ್ಟರು. ಸೇರಿದ ದಿನ 17.2 ಕೆಜಿ. ಆಗಸ್ಟ್ 1ಕ್ಕೆ 17.6. ಆಗಸ್ಟ್ 6ಕ್ಕೆ 16.9. ಆವತ್ತು 16.1. ಸ್ಟೆರಾಯ್ಡ್ ಮೇಲಿರುವ ಮಗುವಿನ ತೂಕ ಏರಬೇಕು, ಇಳಿಯುವುದಕ್ಕೆ ಕಾರಣ ಬೇಕು. ರಕ್ತದಲ್ಲಿ ಆಲ್ಬುಮಿನ್ 2.3 ಇತ್ತು. ಮೂರೂವರೆ ಇರಬೇಕಾದದ್ದು.

ಅವರ ಮೊದಲ ಅನುಮಾನ ಮೇದೋಜ್ಜೀರಕ ಗ್ರಂಥಿಯ ಮೇಲೆ. ಆಸ್ಪ್ಯಾರಜಿನೇಸ್ ಕೆಲವರಲ್ಲಿ ಆ ಗ್ರಂಥಿಯನ್ನು ಕೆರಳಿಸುತ್ತದೆ. ಅದು ಆದರೆ ಹೊಟ್ಟೆನೋವು, ವಾಂತಿ, ಕೆಲವೊಮ್ಮೆ ಜೀವಕ್ಕೇ ಅಪಾಯ, ಮತ್ತೆ ಆ ಮದ್ದು ಕೊಡುವುದೇ ಕಷ್ಟ. ಅಂದಿನ ಚುಚ್ಚುಮದ್ದು ತಡೆದರು. ಲೈಪೇಸ್ ಪರೀಕ್ಷೆ ಕಳಿಸಿದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಎರಡೂ ಸರಿ. ಸಕ್ಕರೆ ಸ್ವಲ್ಪ ಮೇಲೆ, ಅದು ಈ ಎರಡು ಮದ್ದು ಸೇರಿದಾಗ ಆಗುವಂಥದ್ದೇ. ಸೋಂಕು ಇಲ್ಲ. ಆಲ್ಬುಮಿನ್ ಇಳಿಯಲು ಆಸ್ಪ್ಯಾರಜಿನೇಸ್ ಒಂದು ಕಾರಣ ಹೌದು, ಲಿವರ್ ಪ್ರೋಟೀನ್ ತಯಾರಿಸುವುದನ್ನು ಅದು ತಗ್ಗಿಸುತ್ತದೆ. ಆದರೆ ತೂಕ?

ಗಂಟು ಬಿಚ್ಚಿದ್ದು ಡಯಟೀಷಿಯನ್. ನಮ್ಮ ಕಡೆಯವರೇ, ಮಾನ್ವಿಯವರಂತೆ, ಮಾತಿನಲ್ಲೇ ಗೊತ್ತಾಯಿತು. ಏನು ತಿನ್ನಿಸುತ್ತೀರಿ ಎಂದು ಅವರು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ "ಎಲ್ಲಾ ತಿನ್ನಸ್ತೀವ್ರಿ" ಎನ್ನುತ್ತಾರೆ. "ನಿನ್ನಿ ಮುಂಜಾನಿ ಎದ್ದಕೂಡ್ಲೆ ಏನ್ ಕೊಟ್ರಿ? ಎಷ್ಟ್? ಯಾ ಲೋಟದಾಗ? ಆಮ್ಯಾಲ?" ಎಂದು ಒಂದೊಂದೇ ತುತ್ತನ್ನು ಹಿಂದಕ್ಕೆ ಎಳೆದರು. ಬೆಳಿಗ್ಗೆ ಗಂಜಿ. ಹತ್ತಕ್ಕೆ ಬಾಳೆಹಣ್ಣು. ಮಧ್ಯಾಹ್ನ ಅನ್ನ, ಟೊಮೆಟೊ ಸಾರು, ಬೇಳೆ ಹಾಕದ್ದು. ಸಂಜೆ ಮಂಡಕ್ಕಿ, ಎರಡು ಗ್ಲೂಕೋಸ್ ಬಿಸ್ಕೆಟ್. ರಾತ್ರಿ ಗಂಜಿ. ಅಲ್ಲಿಗೆ ಭಾವ ನಿಲ್ಲಿಸಿದರು. ಅಕ್ಕ ತಲೆ ತಗ್ಗಿಸಿ, "ರಾತ್ರಿ ಇವ್ರು ಮಲಗಿದ ಮ್ಯಾಲ ಒಂದ್ ಸಣ್ಣ ಲೋಟ ಹಾಲು ಕೊಡ್ತಿದ್ದೆ" ಎಂದಳು.

ಭಾವ ಅಕ್ಕನ ಮುಖ ನೋಡಿದರು. ನಾನು ನೆಲ ನೋಡಿದೆ.

ಡಯಟೀಷಿಯನ್ ಲೆಕ್ಕ ಹಾಕಿದರು. ಆ ಕದ್ದ ಹಾಲನ್ನೂ ಸೇರಿಸಿ ದಿನಕ್ಕೆ 14 ಗ್ರಾಂ ಪ್ರೋಟೀನು. ಕೀಮೋ ನಡೆಯುತ್ತಿರುವ ಈ ಮಗುವಿಗೆ ಕೆಜಿಗೆ ಒಂದೂವರೆಯಿಂದ ಎರಡು ಗ್ರಾಂ ಬೇಕು ಎಂದರು. ಅಂದರೆ ಸುಮಾರು 30. "ಯಾಕ್ರೀ ಬ್ಯಾಳಿ ಬಿಟ್ರಿ?" ಎಂದು ಕೇಳಿದರು. ಭಾವ ನನ್ನ ಕಡೆ ಕೈ ತೋರಿಸಲಿಲ್ಲ. "ರೋಗಕ್ಕ ಉಣಿಸಬಾರದಂತ" ಎಂದರು ಅಷ್ಟೇ.

ಹಾಗಾದರೆ ನಿಜವಾಗಿ ಉಪವಾಸ ಬೀಳುವುದು ಯಾರು?

ಇಲ್ಲಿ ಕಥೆ ನಿಲ್ಲಿಸಿ ವಿಜ್ಞಾನ ಹೇಳಬೇಕು. ಆವತ್ತು ಫೋನಿನಲ್ಲಿ ಹೇಳದೆ ಬಿಟ್ಟದ್ದು ಇದೇ.

ನಮ್ಮ ಪ್ರೋಟೀನುಗಳು 20 ಬಗೆಯ ಅಮೈನೋ ಆಮ್ಲಗಳಿಂದ ಆಗಿವೆ. ಅವುಗಳಲ್ಲಿ ಒಂಬತ್ತನ್ನು ದೊಡ್ಡವರ ಮೈ ಕೂಡ ತಯಾರಿಸಲಾರದು, ತಿಂದೇ ಪಡೆಯಬೇಕು. ಕ್ಯಾನ್ಸರ್ ಕಣಕ್ಕೆ ಬೇಕೇ ಬೇಕು ಎಂದು ನಾನು ಭಾವನಿಗೆ ಹೇಳಿದ ಅಮೈನೋ ಆಮ್ಲದ ಹೆಸರು ಆಸ್ಪ್ಯಾರಜಿನ್, ಅದು ಈ ಒಂಬತ್ತರ ಗುಂಪಿಗೆ ಸೇರಿಲ್ಲ. ಅದನ್ನು ನಮ್ಮ ಕಣಗಳು ತಾವೇ ಮಾಡಿಕೊಳ್ಳುತ್ತವೆ. ಆಸ್ಪಾರ್ಟಿಕ್ ಆಮ್ಲ ಎಂಬ ಇನ್ನೊಂದು ಅಮೈನೋ ಆಮ್ಲಕ್ಕೆ ಗ್ಲುಟಮಿನ್‌ನಿಂದ ಒಂದು ತುಣುಕು ಸಾರಜನಕ ಕಿತ್ತು ಜೋಡಿಸಿದರೆ ಆಸ್ಪ್ಯಾರಜಿನ್ ಆಯಿತು. ಜೋಡಿಸುವ ಕಿಣ್ವದ ಹೆಸರು ಆಸ್ಪ್ಯಾರಜಿನ್ ಸಿಂಥಟೇಸ್.

ಎಎಲ್‌ಎಲ್‌ನ ಕ್ಯಾನ್ಸರ್ ಕಣಗಳಲ್ಲಿ ಸಾಮಾನ್ಯವಾಗಿ ಈ ಜೋಡಿಸುವ ಕಿಣ್ವ ತೀರಾ ಕಡಿಮೆ. ಬೇಗ ಬೇಗ ಹೆಚ್ಚುವ ಕಣ, ಬೇಕಾದ ಮಾಲು ಜಾಸ್ತಿ, ಮಾಡಿಕೊಳ್ಳಲು ಬರುವುದಿಲ್ಲ. ರಕ್ತದಲ್ಲಿ ಹರಿದು ಬರುವುದನ್ನೇ ನಂಬಿ ಬದುಕುತ್ತದೆ. ಚುಚ್ಚುಮದ್ದಿನ ಎಲ್-ಆಸ್ಪ್ಯಾರಜಿನೇಸ್ ಒಡೆಯುವ ಕಿಣ್ವ, ಅದು ಮೈಗೆ ಹೋಗಿ ರಕ್ತದಲ್ಲಿರುವ ಆಸ್ಪ್ಯಾರಜಿನನ್ನು ಒಡೆದು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯ ಮಾಡುತ್ತದೆ. ಬೇಗನೆ ರಕ್ತದಲ್ಲಿ ಅದು ಅಳತೆಗೆ ಸಿಗದಷ್ಟು ಇಳಿಯುತ್ತದೆ. ಮಾಡಿಕೊಳ್ಳಲು ಬರುವ ಕಣ ಹೇಗೋ ಬದುಕುತ್ತದೆ. ಬಾರದ್ದು ಸಾಯುತ್ತದೆ.

ಇದನ್ನು ಯಾರೂ ಕೂತು ಯೋಚಿಸಿ ಕಂಡುಹಿಡಿದದ್ದಲ್ಲ. 1953ರಲ್ಲಿ ನ್ಯೂಯಾರ್ಕಿನ ಕಾರ್ನೆಲ್‌ನಲ್ಲಿ ಜಾನ್ ಕಿಡ್ ಎಂಬವರು ಇಲಿಗಳ ಲಿಂಫೋಮಾ ಗಡ್ಡೆಗಳ ಮೇಲೆ ಬೇರೇನೋ ಪ್ರಯೋಗ ಮಾಡುತ್ತಿದ್ದರು. ಅದಕ್ಕೆ ಗಿನಿಪಿಗ್ ರಕ್ತದ ಸೀರಮ್ ಬಳಸಿದ್ದರು. ಗಡ್ಡೆಗಳು ಕರಗಿದವು. ನೋಡಿದರೆ ಕರಗಿಸಿದ್ದು ಆ ಸೀರಮ್ಮೇ. ಮೊಲದ್ದು, ಕುದುರೆಯದ್ದು ಹಾಕಿ ನೋಡಿದರು, ಏನೂ ಆಗಲಿಲ್ಲ. ಗಿನಿಪಿಗ್ ರಕ್ತದಲ್ಲಿ ಆಸ್ಪ್ಯಾರಜಿನೇಸ್ ಇದೆ ಎಂದು ಕ್ಲೆಮೆಂಟಿ ಎಂಬವರು 1922ರಲ್ಲೇ ಬರೆದಿಟ್ಟಿದ್ದರು. ಯಾರಿಗೂ ಅದರ ಗೊಡವೆ ಇರಲಿಲ್ಲ. 1961ರಲ್ಲಿ ಜಾನ್ ಬ್ರೂಮ್ ಎರಡನ್ನೂ ಜೋಡಿಸಿ, ಕೆಲಸ ಮಾಡುತ್ತಿರುವುದು ಆ ಕಿಣ್ವವೇ ಎಂದು ತೋರಿಸಿದರು. ಗಿನಿಪಿಗ್ಗಿನಿಂದ ಎಷ್ಟು ರಕ್ತ ತೆಗೆಯಲು ಸಾಧ್ಯ, ಅಲ್ವಾ? 1964ರಲ್ಲಿ ಮ್ಯಾಶ್‌ಬರ್ನ್ ಮತ್ತು ರಿಸ್ಟನ್, ಇ. ಕೋಲಿ ಬ್ಯಾಕ್ಟೀರಿಯಾದ ಆಸ್ಪ್ಯಾರಜಿನೇಸ್ ಕೂಡ ಗಡ್ಡೆ ಕರಗಿಸುತ್ತದೆ ಎಂದು ಕಂಡರು. ಬ್ಯಾಕ್ಟೀರಿಯಾವನ್ನು ಪೀಪಾಯಿಗಟ್ಟಲೆ ಬೆಳೆಸಬಹುದು. 1978ರಲ್ಲಿ ಅಮೆರಿಕದಲ್ಲಿ ಮದ್ದಾಗಿ ಒಪ್ಪಿಗೆ ಸಿಕ್ಕಿತು. ಹುಡುಗನ ತೊಡೆಗೆ ಚುಚ್ಚಿದ್ದು ಆ ಬ್ಯಾಕ್ಟೀರಿಯಾದ್ದೇ.

(ನಮ್ಮ ಡ್ಯಾಮ್ ಮುಗಿದದ್ದೂ 1953ರಲ್ಲೇ. ಸುಮ್ನೆ ನೆನಪಾಯಿತು.)

ಈಗ ಊಟಕ್ಕೆ ಬರೋಣ. ಬೇಳೆ, ಹಾಲು, ಮೊಟ್ಟೆ, ಶೇಂಗಾ, ಮಾಂಸ, ಆಲೂಗಡ್ಡೆ, ಎಲ್ಲದರಲ್ಲೂ ಆಸ್ಪ್ಯಾರಜಿನ್ ಇದೆ. ಮೊಳಕೆ ಕಾಳಿನಲ್ಲಂತೂ ಧಾರಾಳ. ಇದನ್ನೆಲ್ಲ ಬಿಟ್ಟರೆ? ರಕ್ತದ ಆಸ್ಪ್ಯಾರಜಿನ್ ಬತ್ತುವುದಿಲ್ಲ. ಲಿವರ್ ಮಾಡಿ ಕಳಿಸುತ್ತದೆ. ತೀರಾ ಕಡಿಮೆ ತಿಂದರೆ ಮೈ ತನ್ನ ಸ್ನಾಯುವನ್ನೇ ಒಡೆದು ಅಮೈನೋ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ. ಅಂದರೆ ಮಗು ಸೊರಗುತ್ತದೆ, ಕ್ಯಾನ್ಸರ್ ಕಣದ ತಟ್ಟೆಗೆ ಮಾತ್ರ ಬಂದು ಬೀಳುತ್ತಲೇ ಇರುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಚುಚ್ಚುಮದ್ದು ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಮಗು ತಿಂದ ಬೇಳೆಯಿಂದ ಬಂದ ಆಸ್ಪ್ಯಾರಜಿನ್ ಕೂಡ ರಕ್ತಕ್ಕೆ ಬಂದ ಕೂಡಲೇ ಒಡೆಯುತ್ತದೆ. ತಿಂದದ್ದು ರೋಗಕ್ಕೆ ಸಿಗುವುದಿಲ್ಲ. ಬೇಳೆಯ ಉಳಿದ ಅಮೈನೋ ಆಮ್ಲಗಳು ಮಗುವಿಗೆ ಸಿಗುತ್ತವೆ. ಭಾವ ತಡೆದದ್ದು ಆ ಉಳಿದದ್ದನ್ನು.

ಸೊರಗಿದ ಮಗುವಿಗೆ ಕೀಮೋ ತಡೆಯುವ ಶಕ್ತಿ ಕಡಿಮೆ. ಸೋಂಕು ಬೇಗ ತಗಲುತ್ತದೆ, ಮದ್ದಿನ ವಿಷ ಜಾಸ್ತಿ ಕಾಡುತ್ತದೆ. ಒಳ್ಳೆಯ ಅನುಕೂಲ ಇರುವ ದೇಶಗಳಲ್ಲಿ ಈ ರೋಗದ ಮಕ್ಕಳಲ್ಲಿ ಶೇಕಡ 90ರಷ್ಟು ಮಂದಿ ಐದು ವರ್ಷದ ಗಡಿ ದಾಟುತ್ತಾರೆ. ನಮ್ಮಲ್ಲಿ ಅಷ್ಟು ಆಗದಿರುವುದಕ್ಕೆ ಇರುವ ಕಾರಣಗಳಲ್ಲಿ ಮಗುವಿನ ಪೌಷ್ಟಿಕತೆಯೂ ಒಂದು.

ಗೇಟಿನ ಮಾತು

ಸೋಮವಾರ ಸಂಜೆ ಆಸ್ಪತ್ರೆ ಎದುರಿನ ಚಹಾ ಅಂಗಡಿಯಲ್ಲಿ ಭಾವನಿಗೆ ಇದನ್ನೆಲ್ಲ ಹೇಳಲು ಕೂತೆ. ಸಿಂಥಟೇಸ್ ಎಂದೆ. ಅವರು ಫೋನ್ ನೋಡುತ್ತಿದ್ದರು. ಮುರಿದ ಗೇಟಿನಿಂದ ನೀರು ಧುಮುಕುವ ವಿಡಿಯೋ.

"ಹೋತು ಮಾಸ್ತರ. ಮ್ಯಾಲ ಮಲೆನಾಡಾಗ ಎಷ್ಟ್ ಮಳಿ ಬಂದ್ರೂ ಇನ್ನ ನಿಲ್ಲಂಗಿಲ್ಲ. ಬೋರ್ ಇದ್ದಾರು ಹೆಂಗೋ ಭತ್ತ ಉಳಿಸ್ಕೋತಾರ. ನಮ್ಮಂಥ ಬರೇ ಕಾಲುವಿ ನಂಬಿದಾರು?"

ನಾನು ಚಹಾ ಕೆಳಗಿಟ್ಟೆ. ಅವರೇ ಎಲ್ಲಾ ಹೇಳಿಬಿಟ್ಟಿದ್ದರು.

"ಭಾವ, ಹುಡುಗನ ಮೈಯಾಗ ಆಗಿರೋದೂ ಇದ. ರಕ್ತ ಅನ್ನೋದು ಡ್ಯಾಮು. ಇಂಜೆಕ್ಷನ್ ಅಂದ್ರ ಗೇಟ್ ಮುರದಂಗ. ಡ್ಯಾಮ್ ಖಾಲಿ ಆತು. ಅವನ ಒಳ್ಳೇ ಕಣಕ್ಕ ಬೋರ್ ಐತಿ, ತಾನ ಎತ್ತಿಕೋತೈತಿ. ಕ್ಯಾನ್ಸರ್ ಕಣಕ್ಕ ಬೋರ್ ಇಲ್ಲ. ಒಣಗ್ತೈತಿ."

ಭಾವ ಬಹಳ ಹೊತ್ತು ಮಾತಾಡಲಿಲ್ಲ.

"ಬ್ಯಾಳಿ ಅಂದ್ರ ಮಳಿ."

"ಹೌದು."

"ಗೇಟ್ ಮುರದ ಮ್ಯಾಲ ಮಳಿ ಬಂದ್ರೂ ಡ್ಯಾಮ್ ತುಂಬಂಗಿಲ್ಲ."

"ಹೌದು."

"ಹಂಗಾದ್ರ ನಾ ಮಳೀನ ನಿಲ್ಲಿಸಿದ್ನಲ್ಲೋ. ಬೋರ್ ಇದ್ದ ಹೊಲಕ್ಕೂ ಅಂತರ್ಜಲ ಬ್ಯಾಡೇನು?"

ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ಬೋರ್ ಇದ್ದರೂ ಮಳೆ ಬೇಕು. ಒಳ್ಳೆಯ ಕಣ ಆಸ್ಪ್ಯಾರಜಿನ್ ಮಾಡಿಕೊಳ್ಳುವುದಕ್ಕೂ ಕಚ್ಚಾ ಮಾಲು ಬೇಕು, ಅದು ಊಟದಿಂದಲೇ ಬರಬೇಕು. ನನ್ನ 22 ವರ್ಷದ ಮೇಷ್ಟ್ರಗಿರಿಯಲ್ಲಿ ಇಷ್ಟು ಚೊಕ್ಕ ಉತ್ತರ ಕೊಟ್ಟ ವಿದ್ಯಾರ್ಥಿ ಕಡಿಮೆ.

ಹೋಲಿಕೆ ಒಂದು ಕಡೆ ಕುಂಟುತ್ತದೆ, ಅದನ್ನೂ ಹೇಳಬೇಕು. ಡ್ಯಾಮಿನ ನೀರು ನದಿಗೆ ಹೋಯಿತು. ಆಸ್ಪ್ಯಾರಜಿನ್ ಎಲ್ಲಿಗೂ ಹೋಗುವುದಿಲ್ಲ, ಒಡೆದು ಬೇರೆ ಪದಾರ್ಥ ಆಗುತ್ತದೆ. ಅದರಿಂದ ಹುಟ್ಟುವ ಅಮೋನಿಯವನ್ನು ಲಿವರ್ ವಿಲೇವಾರಿ ಮಾಡಬೇಕು. ಈ ಕಿಣ್ವ ಗ್ಲುಟಮಿನನ್ನೂ ಸ್ವಲ್ಪ ಒಡೆಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಮತ್ತು ಹೆಪ್ಪು ತಡೆಯುವ ಪ್ರೋಟೀನುಗಳೆರಡೂ ಇಳಿಯುತ್ತವೆ, ಹಾಗಾಗಿ ಕೆಲವರಿಗೆ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಭಯ. ಪರಕೀಯ ಪ್ರೋಟೀನು ಆದದ್ದರಿಂದ ಅಲರ್ಜಿಯೂ ಉಂಟು. ಕೆಲವು ಮಕ್ಕಳಲ್ಲಿ ಹೊರಗೆ ಏನೂ ತೋರದೆ ಒಳಗೊಳಗೇ ಮೈ ಈ ಮದ್ದನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ಆಗ ಗೇಟು ಮುಚ್ಚಿದಂತೆಯೇ, ಯಾರಿಗೂ ಗೊತ್ತಾಗುವುದಿಲ್ಲ. ರಕ್ತದಲ್ಲಿ ಕಿಣ್ವದ ಚುರುಕು ಅಳೆದರೆ ಮಾತ್ರ ತಿಳಿಯುತ್ತದೆ.

ಮತ್ತೆ, ಕ್ಯಾನ್ಸರ್ ಕಣ ಸುಮ್ಮನೆ ಕೂರುವುದಿಲ್ಲ. ಕೆಲವು ಕಣಗಳು ಸಿಂಥಟೇಸನ್ನು ಹೆಚ್ಚಿಸಿಕೊಂಡು ತಾವೂ ಆಸ್ಪ್ಯಾರಜಿನ್ ಮಾಡಿಕೊಳ್ಳತೊಡಗುತ್ತವೆ. "ಅದೂ ಬೋರ್ ಹಾಕಿಸ್ತೈತಿ ಅನ್ನು" ಎಂದರು ಭಾವ. ಅದಕ್ಕೇ ಈ ಮದ್ದನ್ನು ಒಂದೇ ಕೊಡುವುದಿಲ್ಲ. ಜೊತೆಗೆ ಮೂರು ನಾಲ್ಕು ಕಡೆಯಿಂದ ಹೊಡೆಯುತ್ತಾರೆ.

ಕಾರಟಗಿಯ ಒಬ್ಬ ಅತ್ತಿ

ಇದಾದ ಮೇಲೆ ನನ್ನ ಹತ್ತಿರ ಬಂದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ದೂರದ ನೆಂಟಳೊಬ್ಬಳಿಗೆ ಸ್ತನ ಕ್ಯಾನ್ಸರ್. ಆ ಅತ್ತಿಯೂ ಹೆಸರುಕಾಳು ಬಿಟ್ಟಿದ್ದಳು. ಅವಳು ಕೇಳಿದ ಮಾತಿಗೆ ಒಂದು ಬುಡ ಇದೆ. 2018ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಆಸ್ಪ್ಯಾರಜಿನ್ ಕಡಿಮೆ ಇರುವ ಆಹಾರ ಕೊಟ್ಟಾಗ ಸ್ತನದ ಗಡ್ಡೆ ಬೇರೆ ಅಂಗಗಳಿಗೆ ಹರಡುವುದು ತಗ್ಗಿತ್ತು. ಮೊದಲ ಗಡ್ಡೆ ಮಾತ್ರ ಇದ್ದ ಹಾಗೇ ಇತ್ತು. ಅದು ಬೋನಿನ ಇಲಿ, ಪ್ರಯೋಗಾಲಯದಲ್ಲಿ ತೂಗಿ ಅಳೆದ ಆಹಾರ. ಮನೆಯಲ್ಲಿ ಕಾಳು ಬಿಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅತ್ತಿಗೆ ಇಷ್ಟೇ ಹೇಳಿದೆ, "ನಿನ್ನ ಡಾಕ್ಟರು ಬಿಡು ಅನ್ನೋವರೆಗೂ ಕಾಳು ಬಿಡಬ್ಯಾಡ."

ಆದರೆ ಈ ದಾರಿಯೇ ಸುಳ್ಳು ಎಂದೂ ಅಲ್ಲ. ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಮಾಡಿಕೊಳ್ಳಲಾಗದ ಗಡ್ಡೆಗಳಿವೆ. ಕಲ್ನಾರಿನ ಧೂಳಿನಿಂದ ಬರುವ ಮೆಸೊಥೀಲಿಯೋಮಾದಲ್ಲಿ ಕೆಲವು ಹಾಗೆ. ಆರ್ಜಿನಿನ್ ಒಡೆಯುವ ಕಿಣ್ವವನ್ನು ಕೀಮೋ ಜೊತೆ ಸೇರಿಸಿ 249 ರೋಗಿಗಳಲ್ಲಿ ನೋಡಿದರು, 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಬದುಕಿದ ಅವಧಿಯ ನಡುಬೆಲೆ 7.7 ತಿಂಗಳಿಂದ 9.3 ತಿಂಗಳಿಗೆ ಏರಿತು. ಹೆಚ್ಚಿದ್ದು ಒಂದೂವರೆ ತಿಂಗಳು ಚಿಲ್ಲರೆ. ಆ ಕೆಟ್ಟ ರೋಗದಲ್ಲಿ ಅದೂ ದೊಡ್ಡದೇ. ಅಲ್ಲಿಯೂ ಕೆಲಸ ಮಾಡಿದ್ದು ಕಿಣ್ವ, ಪಥ್ಯ ಅಲ್ಲ ಎಂಬುದನ್ನು ಮಾತ್ರ ಗಮನಿಸಿ.

ಮುಂದೆ

ತಡೆದಿದ್ದ ಐದನೇ ಚುಚ್ಚುಮದ್ದನ್ನು ಮಂಗಳವಾರ ಸಂಜೆ ಕೊಟ್ಟರು. ಒಂದೇ ದಿನ ತಡ ಆಯಿತು. ಇನ್ನೊಂದು ವಾರ ಯಾರೂ ಕೇಳದಿದ್ದರೆ ಏನಾಗುತ್ತಿತ್ತೋ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ.

ಡಯಟೀಷಿಯನ್ ಬರೆದುಕೊಟ್ಟದ್ದು ಸಾದಾ ಊಟ. ದಿನಕ್ಕೆ ಚೆನ್ನಾಗಿ ಬೇಯಿಸಿದ ಎರಡು ಮೊಟ್ಟೆ, ಎರಡು ಲೋಟ ಕಾಯಿಸಿದ ಹಾಲು, ಎರಡು ಹೊತ್ತು ಗಟ್ಟಿ ಬೇಳೆ. ಎಣ್ಣೆಯಲ್ಲಿ ಕರಿದದ್ದು ಬೇಡ, ಹೊರಗಿನ ತಿಂಡಿ ಬೇಡ, ಹೆಚ್ಚಿಟ್ಟ ಹಣ್ಣು ಬೇಡ, ಹಸಿ ಮೊಳಕೆ ಕಾಳು ಬೇಡ. ಹಸಿ ಕಾಳು ಬೇಡ ಎಂದದ್ದು ಸೋಂಕಿನ ಭಯಕ್ಕೆ, ಅಮೈನೋ ಆಮ್ಲಕ್ಕಲ್ಲ. ಹೀಗೆ ಪ್ರತಿ 'ಬೇಡ'ದ ಮುಂದೆಯೂ ಅವರು ಕಾರಣ ಬರೆಸಿದರು. ಕಾರಣ ಇಲ್ಲದ 'ಬೇಡ'ಕ್ಕೆ ಜನ ತಮ್ಮ ಕಾರಣ ತುಂಬಿಕೊಳ್ಳುತ್ತಾರೆ ಎಂದರು. ನನಗೆ ಕುಟುಕಿದಂತಾಯಿತು.

ತಿಂದದ್ದನ್ನೆಲ್ಲ ಬರೆದಿಡಿ ಎಂದರು. ಭಾವನ ಹತ್ತಿರ ಇದ್ದದ್ದು ಹೊಲದ ಲೆಕ್ಕದ ಪುಸ್ತಕ ಒಂದೇ. ಮುಂದಿನಿಂದ ಯೂರಿಯಾ, ಡಿಎಪಿ, ಆಳಿನ ಕೂಲಿ. ಹಿಂದಿನಿಂದ ಹುಡುಗನ ಊಟ ಶುರುವಾಯಿತು.

ಆ ವಾರದ ಕೊನೆಗೆ ಮುರಿದ ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಅಡ್ಡಗೇಟು, ಇಳಿಸಿದರು. ಭಾವ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಆ ವಿಡಿಯೋವನ್ನು ಗುರುತಿಲ್ಲದವರಿಗೆಲ್ಲ ತೋರಿಸಿದರಂತೆ. ಆಗಸ್ಟ್ 26ಕ್ಕೆ ಮೊದಲ ಹಂತ ಮುಗಿಯಿತು. ತೂಕ 17.4 ಕೆಜಿ. ಮಜ್ಜೆಯಲ್ಲಿ ಉಳಿದ ಕ್ಯಾನ್ಸರ್ ಕಣ 0.01 ಶೇಕಡಕ್ಕಿಂತ ಕಡಿಮೆ, ಅಂದರೆ ಡಾಕ್ಟರುಗಳಿಗೆ ಬೇಕಾದ ಅಳತೆಗಿಂತ ಕೆಳಗೆ. ಚಿಕಿತ್ಸೆ ಒಟ್ಟು ಎರಡು ವರ್ಷಕ್ಕೂ ಮೇಲೆ. ನಡುವೆ ಒಂದು ಸಲ ಜ್ವರ ಬಂದು ಒಂಬತ್ತು ದಿನ ಅಡ್ಮಿಟ್ ಆಗಿದ್ದ. ಆಮೇಲೆ ಮಾತ್ರೆಗಳ ಹಂತ, ತಿಂಗಳಿಗೊಮ್ಮೆ ಹಂಪಿ ಎಕ್ಸ್‌ಪ್ರೆಸ್.

ಅಂಥದೊಂದು ಪ್ರಯಾಣದಲ್ಲಿ ನಾನೂ ಜೊತೆಗಿದ್ದೆ. ಹುಡುಗ ಮೇಲಿನ ಬರ್ತಿನಲ್ಲಿ ಮಲಗಿದ್ದ. ಭಾವ ಪುಸ್ತಕ ತೆಗೆದು ಆ ದಿನದ್ದು ಬರೆದು ನನ್ನ ಕೈಗೆ ಕೊಟ್ಟರು, ಮೇಷ್ಟ್ರು ತಿದ್ದಲಿ ಎಂಬಂತೆ. ಪೆನ್ಸಿಲ್ ಅಕ್ಷರ, ರೈಲಿನ ಕುಲುಕಾಟಕ್ಕೆ ಸೊಟ್ಟ ಸೊಟ್ಟ.

"ರೊಟ್ಟಿ 1. ಬ್ಯಾಳಿ 1 ಬಟ್ಟಲ. ತತ್ತಿ 2. ಹಾಲು 1 ಲೋಟ, ಇನ್ನೊಂದು ಬ್ಯಾಡಂದ. ಶೇಂಗಾ ಉಂಡಿ 2. ಕದ್ದು ತಿಂದಿದ್ದು 1."